ಸಿದ್ದಗಂಗಮ್ಮನ ನಷ್ಟ

೧೨ ಜುಲೈ ೧೯೬೩, ಶುಕ್ರವಾರ. ಜಯನಗರ.

ಸಿದ್ದಗಂಗಮ್ಮನ ಪರಿಹಾರದ ದಾವೆ ಇವತ್ತೂ ಟೈಪಿಗೆ ಹೋಗಲಿಲ್ಲ. ಅವಳ ಮೇಲೆ ಅತ್ಯಾಚಾರ ಮಾಡಿದ ಊದುಬತ್ತಿ ಶೆಡ್ಡಿನ ಯಜಮಾನ ಜೈಲಿನಲ್ಲಿದ್ದಾನೆ. ಅವನಿಂದ ಎಷ್ಟು ಕೇಳಬೇಕು ಅನ್ನೋದೇ ನನ್ನ ತಲೆನೋವು.

ಅಪ್ಪನಿಗೆ ಜ್ವರ ಅಂತ ಅವಳೊಬ್ಬಳೇ ಬಂದಿದ್ದಳು. ಬರೆದದ್ದನ್ನ ಓದಿ ಹೇಳಿದೆ. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಆಮೇಲೆ ನಾವು ವಕೀಲರು ಯಾವಾಗಲೂ ಹಾಕುವ ಹಾಗೆ, ಮದುವೆ ಅವಕಾಶ ತಪ್ಪಿದ್ದಕ್ಕೆ ಐದು ಸಾವಿರ. ದೊಡ್ಡ ಮೊತ್ತ ಅದೇ.

“ಅದು ನಮ್ಮಪ್ಪನಿಗಾದ ನಷ್ಟ ಸಾರ್,” ಅಂದಳು. “ನಂದು ಎಲ್ಲಿ ಬರ್ದಿದೀರಿ?”

ಕೋರ್ಟಿಗೆ ಅರ್ಥ ಆಗೋದು ಇದೇ ಕಣಮ್ಮ ಅಂತ ರೇಗಿಬಿಟ್ಟೆ.

ಹಿಂದೆ ಮೂರು ಸಲ ಬಂದಾಗಲೂ ಅವಳಪ್ಪನನ್ನ ಕುರ್ಚಿಯಲ್ಲಿ ಕೂರಿಸಿ, ಎಲ್ಲಾ ಕೇಳಿ ಬರೆದುಕೊಂಡವನು ನಾನೇ. ಮೂರು ಸಲವೂ ಅವಳು ಹೊರಗೆ ಜಗಲಿ ಮೇಲೆ ಕೂತಿದ್ದಳು.