ನನ್ನ ಮುಖ, ವಿನಿಯ ಗಂಟಲು

ಬ್ಲ್ಯಾಕ್‌ಪೂಲ್
11 ಜನವರಿ 1987, ಭಾನುವಾರ

ಪ್ರೀತಿಯ ವಿನಿ,

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಮೇಕಪ್ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಪೌಡರ್ ಬಿದ್ದು, ಕೆನ್ನೆಯ ಕೆಂಪು ಮೆತ್ತಿಕೊಂಡು ನಿನ್ನ ಅಕ್ಷರ ಅರ್ಧ ಅಳಿಸಿಹೋಗಿದೆ. ಉತ್ತರ ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಧೈರ್ಯ ಇರಲಿಲ್ಲ. ಮೊದಲು ಬೈದುಬಿಡು, ಆಮೇಲೆ ಓದು.

ನೀನು ಕೇಳಿದ್ದು ಎರಡು ಮಾತು. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ನಿನ್ನನ್ನು ಯಾಕೆ ಕರೆಸಲಿಲ್ಲ ಎಂಬುದು ಒಂದು. ಮತ್ತೆ ಟಿ.ವಿ.ಯಲ್ಲಿ ಆ ಹಾಡಿಗೆ ಬಾಯಾಡಿಸುತ್ತೀಯಂತೆ, ನಿಜವಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಣ್ಣದು. ಸಮಯ ಸಿಗಲಿಲ್ಲ ವಿನಿ, ಎಲ್ಲ ಬೇಗ ಬೇಗ ಆಗಿಹೋಯಿತು. ಅಮ್ಮ ನಿದ್ದೆಯಲ್ಲೇ ಹೋದಳು, ನೋವು ತಿನ್ನಲಿಲ್ಲ.

ಎರಡನೆಯದನ್ನು ಹೇಳುವ ಮೊದಲು ನಾನು ಎಲ್ಲಿದ್ದೇನೆ ಎಂದು ತಿಳಿದುಕೋ. ಇಲ್ಲಿನ ಕ್ರಿಸ್‌ಮಸ್ ಪ್ಯಾಂಟೊದಲ್ಲಿ, ಅದೇ ಮಕ್ಕಳ ಹಾಡು-ಕುಣಿತದ ನಾಟಕದಲ್ಲಿ, ನಾನು ದೇವಕನ್ಯೆ. ನಲವತ್ತಾರು ವರ್ಷದ ದೇವಕನ್ಯೆ! ಸೊಂಟಕ್ಕೆ ತಂತಿ ಬಿಗಿದು ದಿನಕ್ಕೆರಡು ಸಲ ಮೇಲಿನಿಂದ ಇಳಿಸುತ್ತಾರೆ. ರೆಕ್ಕೆ ಕಳೆದ ವರ್ಷ ಇನ್ಯಾರೋ ಕಟ್ಟಿಕೊಂಡದ್ದು, ಅವಳ ಬೆವರಿನ ನಾತ ಇನ್ನೂ ಹೋಗಿಲ್ಲ. ಥಿಯೇಟರಿನ ತುಂಬ ಒದ್ದೆ ಕೋಟು, ವಿನೆಗರ್ ಸುರಿದ ಚಿಪ್ಸು, ಮಕ್ಕಳ ವಾಂತಿ. ಮುದುಕಿಯ ವೇಷ ಹಾಕುವ ರೆಜಿ ಎಂಬವನೊಬ್ಬ ಇದ್ದಾನೆ. ದಿನಾ ಕೇಳುತ್ತಾನೆ, "ಏನಮ್ಮಾ ಅಪ್ಸರೆ, ಇವತ್ತು ತಂತಿ ತಡ್ಕೊಳ್ಳುತ್ತಾ, ಇಲ್ಲಾ ಬಂದರಿನಿಂದ ಕ್ರೇನ್ ತರಿಸ್ಲಾ?" ಅವನ ಮಾತಿಗೆ ನನಗೆ ಸಿಟ್ಟಿಲ್ಲ. ಹೇಸಿಗೆ ಆಗುವುದು ಕೆಳಗಿಳಿದ ಮೇಲೆ ಮಾಡುವ ಕೆಲಸಕ್ಕೆ. ಸ್ಪೀಕರಿನಲ್ಲಿ ಅದೇ ಹಳೆಯ ಹಾಡು ಹಾಕುತ್ತಾರೆ, ನಾನು ಬಾಯಾಡಿಸುತ್ತೇನೆ. ಮಕ್ಕಳಿಗೆ ಅದೇನೆಂದೇ ಗೊತ್ತಿಲ್ಲ, ಅವರ ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ. ಅಳುವುದು ನಿನ್ನ ಧ್ವನಿಗೆ, ಚಪ್ಪಾಳೆ ನನ್ನ ಮುಖಕ್ಕೆ.

ಆ ಮಧ್ಯಾಹ್ನ ನಿನಗೂ ನೆನಪಿರಬೇಕು. ಅರವತ್ತೈದನೇ ಇಸವಿ, ಲಂಡನ್ನಿನ ಸ್ಟುಡಿಯೊ. ನೀನು ಬಂದದ್ದು ಗಿರಣಿಯ ಗೆಳತಿಯಾಗಿ ನನ್ನ ಜೊತೆಗೆಂದು, ಕೋಟು ಹಿಡಿದುಕೊಂಡಿರಲು. ಮೇಲಿನ ಸ್ವರಕ್ಕೆ ಹೋದರೆ ನನ್ನ ಗಂಟಲು ಒಡೆಯುತ್ತಿತ್ತು. ಮ್ಯಾನೇಜರ್ ಪಾಸ್ಮೋರ್ ಬೇಸತ್ತು, "ಆ ಕನ್ನಡಕದ ಹುಡುಗಿಗೂ ಹಾಡು ಬರುತ್ತಾ? ಒಂದ್ಸಲ ಹಾಡಿ ತೋರಿಸ್ಲಿ" ಎಂದ. ನೀನು ಹಾಡಿದೆ. ಅವನು ಸಿಗಾರ್ ಆರಿಸಿ ನಿನ್ನನ್ನು ಅಡಿಯಿಂದ ಮುಡಿಯವರೆಗೆ, ದನದ ಸಂತೆಯಲ್ಲಿ ನೋಡುವ ಹಾಗೆ ನೋಡಿದ. ಆಮೇಲೆ ನನ್ನನ್ನು ನೋಡಿ, "ಮುಖ ಇದು, ಗಂಟಲು ಅದು. ಮುಗೀತಲ್ಲ!" ಎಂದ. ನಿನ್ನ ಹಾಡನ್ನು ರೆಕಾರ್ಡ್ ಮಾಡಿಕೊಂಡು, ನಿನಗೆ ಒಂದು ಡಬ್ಬಿ ಚಾಕೊಲೇಟು ಕೊಟ್ಟು ರೈಲು ಹತ್ತಿಸಿದ. ನಾನು ಅಲ್ಲೇ ನಿಂತು ನೋಡಿದೆ. ರೈಲಿನ ಕಿಟಕಿಯ ಗಾಜಿನ ಆಚೆಯಿಂದ ನೀನೇ ಸದ್ದಿಲ್ಲದೆ ನಮ್ಮ ಗಿರಣಿಯ ತುಟಿಮಾತಿನಲ್ಲಿ ಹೇಳಿದೆ: "ಹೋಗ್ಲಿ ತಗೊಳ್ಳೇ ಎಲ್ಸಿ, ನಿಂದೇ ಅಂದ್ಕೋ." ತಗೊಂಡೆ. ಎಲ್ಸಿ ಎನ್ನುವ ಹೆಸರನ್ನೂ ಬಿಟ್ಟು ಡೆಲ್ಲಾ ಲೇನ್ ಆದೆ.

ಮುಂದಿನದು ನಿನಗೆ ಗೊತ್ತೇ ಇದೆ. ಒಂದು ಹಾಡು ಗೆದ್ದಿತು. ಸ್ವಂತ ಗಂಟಲಿನಲ್ಲಿ ಹಾಡಿದ ನಾಲ್ಕು ಮಣ್ಣುಮುಕ್ಕಿದವು. ಆಮೇಲೆ ನಟಿಯಾಗು ಎಂದರು. ಮೂರು ಸಿನಿಮಾ ಮಾಡಿದೆ. ಎರಡರಲ್ಲಿ ನನ್ನನ್ನು ಕೊಂದರು, ಒಂದರಲ್ಲಿ ಸ್ನಾನ ಮಾಡಿಸಿದರು. ಪತ್ರಿಕೆಯವನೊಬ್ಬ ಬರೆದ, ಹೆಣವಾಗಿ ಬಿದ್ದಾಗಲೇ ಇವಳ ಅಭಿನಯ ಸಹಜ ಎಂದು. ಛೀ, ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ, ಹೆಸರು ಅಚ್ಚಾಗಿದೆಯಲ್ಲ ಎಂದು! ನನ್ನ ಮೇಲೆ ನನಗೇ ವಾಕರಿಕೆ ಬರುವುದು ಇಂಥವಕ್ಕೇ.

ಈಗ ಟಿ.ವಿ.ಯ ಸಂಗತಿ. ಗೈಲ್ಸ್ ಎಂಬ ನಿರ್ಮಾಪಕ ನನ್ನನ್ನು ಕೇಳುವ ಮೊದಲೇ, ನೀನು ಕಾಗದ ಬರೆಯುವ ಹೊತ್ತಿಗೇ, ಪತ್ರಿಕೆಗಳಲ್ಲಿ ಸಾರಿಕೊಂಡಿದ್ದ; ಖುದ್ದಾಗಿ ಬಂದದ್ದು ಹಿಂದಿನ ವಾರ. ಹಳೆಯ ಹಾಡುಗಾರರನ್ನೆಲ್ಲ ಸೇರಿಸಿ ಮಾರ್ಚಿನಲ್ಲಿ ಕಾರ್ಯಕ್ರಮವಂತೆ. "ಮೇಡಂ, ರೆಕಾರ್ಡಿಗೆ ನಿಮ್ಮಷ್ಟು ಚೆನ್ನಾಗಿ ತುಟಿ ಸೇರಿಸೋರು ಈ ದೇಶದಲ್ಲೇ ಇಲ್ಲ. ಎಲ್ಲಿ ಕಲಿತ್ರಿ?" ಎಂದ. "ಬರ್ನ್‌ಲಿಯಲ್ಲಿ. ಮಗ್ಗದ ಗಿರಣೀಲಿ" ಎಂದೆ. ತಮಾಷೆಯೆಂದುಕೊಂಡು ನಕ್ಕ. ಮುನ್ನೂರು ಮಗ್ಗ ಬಡಿಯುವ ಜಾಗದಲ್ಲಿ ನಾವು ಹುಡುಗಿಯರು ದಿನವಿಡೀ ಧ್ವನಿ ಇಲ್ಲದೆ ಹರಟೆ ಹೊಡೆದದ್ದು, ಜಗಳ ಆಡಿದ್ದು ಅವನಿಗೇನು ಗೊತ್ತು. ಆ ಸದ್ದಿಗೆ ಅಮ್ಮನ ಕಿವಿ ಪೂರ್ತಿ ಹೋದದ್ದೂ ಗೊತ್ತಿಲ್ಲ. ಪಾಪ, ಅಮ್ಮ ಆ ರೆಕಾರ್ಡನ್ನು ಒಂದು ದಿನವೂ ಕೇಳಲಿಲ್ಲ. ಟಿ.ವಿ. ಮುಂದೆ ಕೂತು ನನ್ನ ತುಟಿ ಓದಿ, "ಫ್ರಾಕು ಚೆನ್ನಾಗಿದೆ" ಎನ್ನುತ್ತಿದ್ದಳು, ಅಷ್ಟೇ.

ಗೈಲ್ಸ್‌ಗೆ ಹೇಳಿಬಿಟ್ಟೆ ವಿನಿ. "ನಾನು ಬಾಯಾಡಿಸಲ್ಲ. ಬರ್ನ್‌ಲಿಯಲ್ಲಿ ಚಿಪ್ಸ್ ಅಂಗಡಿ ನಡೆಸೋ ವಿನಿಫ್ರೆಡ್ ಟ್ಯಾಟರ್‌ಸಾಲ್‌ನ ಕರೆಸಿ. ಆ ಗಂಟಲು ಅವಳದು" ಎಂದೆ. ಅವನು ಮೊದಲು ಎದ್ದು ಹೋಗಿ ಬಾಗಿಲು ಹಾಕಿದ. ಆಮೇಲೆ ಮೆತ್ತಗೆ, "ಇದರಿಂದ ಯಾರಿಗೆ ಒಳ್ಳೇದಾಗುತ್ತೆ ಹೇಳಿ? ಜನಕ್ಕೆ ನೆನಪು ಬೇಕು, ಪಂಚಾಯ್ತಿ ಬೇಡ" ಎಂದ. ಥೂ! ಪಾಸ್ಮೋರನ ಸಿಗಾರಿನ ವಾಸನೆಯೇ ಬಂದ ಹಾಗಾಯಿತು. ಅವಳಿಲ್ಲದಿದ್ದರೆ ನಾನೂ ಇಲ್ಲ ಎಂದೆ. ಫೆಬ್ರವರಿ ಒಂದರೊಳಗೆ ತಿಳಿಸಿ ಎಂದಿದ್ದಾನೆ. ಈಗ ನೀನು ಹೂಂ ಅನ್ನಬೇಕು. ಕನ್ನಡಕ ಹಾಕಿಕೊಂಡೇ ಬಾ. ನನ್ನ ಹೆಸರು ಮಣ್ಣುಪಾಲಾದರೆ ಆಗಲಿ, ಹೇಗಿದ್ದರೂ ಅದು ನನ್ನ ಹೆಸರಲ್ಲ.

ನಿನ್ನ ಮಂಡಿನೋವು ಈ ಚಳಿಯಲ್ಲಿ ಜಾಸ್ತಿಯಾಗದಿರಲಿ. ಅಂಗಡಿಗೆ ಗಿರಾಕಿ ತುಂಬಿರಲಿ. ಆ ಗಂಟಲನ್ನು ದೇವರು ನೂರು ವರ್ಷ ಕಾಯಲಿ.

ನಿನ್ನ
ಎಲ್ಸಿ

ಮರೆತಿದ್ದೆ ಎಂದು ಬರೆಯುವ ಜಾಗ ಇದು. ನಾನು ಮರೆತಿರಲಿಲ್ಲ. ಮೇಲೆ ಅಮ್ಮನ ಬಗ್ಗೆ ಬರೆದದ್ದರಲ್ಲಿ ಸುಳ್ಳಿದೆ. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಮಧ್ಯಾಹ್ನ, ರೋಗಿಗಳನ್ನು ನೋಡಲು ಹೊರಗಿನವರನ್ನು ಬಿಡುವ ಹೊತ್ತು. ಡೆಲ್ಲಾ ಲೇನ್ ಬಂದಿದ್ದಾಳೆಂದು ನರ್ಸ್‌ಗಳು ಸುತ್ತ ನಿಂತಿದ್ದರು. ಅಮ್ಮ ಕೈ ಎತ್ತಿ ನನ್ನ ಗಂಟಲಿನ ಮೇಲೆ ಇಟ್ಟಳು. ತುಟಿಯಲ್ಲೇ ಕೇಳಿದಳು, "ಹಾಡು ಮಗಾ. ಕೈಗಾದ್ರೂ ಗೊತ್ತಾಗ್ಲಿ." ಹಾಡಿದ್ದರೆ ನನ್ನ ಒಡಕು ಧ್ವನಿ ಇಡೀ ವಾರ್ಡಿಗೆ ಕೇಳಿಸುತ್ತಿತ್ತು. ನಾನು ಬಾಯಾಡಿಸಿದೆ ವಿನಿ. ಕೊನೆಯ ಸಾಲಿನವರೆಗೂ, ಚೂರೂ ತಪ್ಪದೆ. ಅಮ್ಮನ ಬೆರಳಿಗೆ ಏನೂ ಸಿಗಲಿಲ್ಲ. ಕೈ ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡಳು. "ಟಿ.ವಿ.ಲೂ ಹಿಂಗೇ ಇತ್ತು, ನಂಗೆ ಗೊತ್ತು. ವಿನಿನ ಕರ್ಕೊಂಡ್ ಬಾ" ಎಂದಳು.

ಆಮೇಲೂ ಒಂಬತ್ತು ದಿನ ಬದುಕಿದ್ದಳು. ದಿನಾ ಬಾಗಿಲ ಕಡೆ ನೋಡುತ್ತಿದ್ದಳು. ನಾನು ನಿನಗೆ ಹೇಳಿ ಕಳಿಸಲಿಲ್ಲ.