ಗುಟ್ಟಿನ ಪದ ಬದಲಾದ ಸೋಮವಾರ

ನಾಗಮಂಗಲ,
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಮಗಳು ಧನುಶ್ರೀಗೆ,

ನಿನ್ನ ದೊಡ್ಡಪ್ಪನ ಮನಃಪೂರ್ವಕ ಆಶೀರ್ವಾದಗಳು. ಕಾಲಿನ ಬೊಬ್ಬೆಗಳು ಒಣಗಿದವೇ? ಹೊಸ ಬೂಟು ಪಳಗುವ ತನಕ ಎರಡು ಜೊತೆ ಕಾಲುಚೀಲ ಹಾಕಿಕೋ. ಗಡಿಪಡೆಯ ತರಬೇತಿಯಲ್ಲಿ ಊಟ ಚೆನ್ನಾಗಿದೆ ಎಂದು ಬರೆದಿದ್ದೀಯೆ. ನಿನ್ನ ದೊಡ್ಡಮ್ಮ ಮಂಗಳಮ್ಮ ಅದನ್ನು ನಂಬಿಲ್ಲ. "ಆ ಚಳೀಲಿ ರೊಟ್ಟಿ ತಿಂದ್ಕಂಡು ಮಗ ಎಂಗವ್ಳೋ" ಎನ್ನುತ್ತ ನಿನಗಾಗಿ ಹುರಿಹಿಟ್ಟು ಮಾಡಿಟ್ಟಿದ್ದಾಳೆ. ನಾವು ಆರೋಗ್ಯವಾಗಿದ್ದೇವೆ. ತರಬೇತಿ ಮುಗಿಯುವವರೆಗೆ ನಿಮ್ಮ ಫೋನುಗಳನ್ನು ತೆಗೆದಿರಿಸಿಕೊಂಡಿರುವುದರಿಂದ ನಿನಗೆ ಕಾಗದ ಬರೆಯುವ ಸುಖವೊಂದು ನನಗೆ ಮತ್ತೆ ಸಿಕ್ಕಿದೆ ಎಂದು ಈವರೆಗೆ ಅಂದುಕೊಂಡಿದ್ದೆ. ಈ ವಾರ ಆ ಸುಖ ಉಳಿದಿಲ್ಲ.

ಈ ಸಲ ಬಿಂಡಿಗನವಿಲೆ ಕಡೆ ರಾಗಿ ತೆನೆ ಚೆನ್ನಾಗಿ ಕಟ್ಟಿದೆ. ನಮ್ಮ ರೈತರ ಸಂಘದ ಒಕ್ಕಣೆ ಯಂತ್ರ ಇಲ್ಲಿರುವುದು ಈ ತಿಂಗಳು ಮಾತ್ರ. ಡಿಸೆಂಬರ್ ಮೊದಲ ವಾರ ಅದು ಭತ್ತಕ್ಕಾಗಿ ಪಾಂಡವಪುರದ ಕಡೆಗೆ ಹೊರಡಬೇಕು. ಯಾರ ಕಣಕ್ಕೆ ಯಾವ ದಿನ ಎಂಬ ಸರದಿಯನ್ನು ಮೊಬೈಲಿನಲ್ಲೇ ಹಿಡಿಯುವಂತೆ ನೀನು ಹೋದ ವರ್ಷ ಮಾಡಿಕೊಟ್ಟ ಮೇಲೆ ಕಚೇರಿಯ ಮುಂದೆ ಜಗಳ ನಿಂತಿತ್ತು. ಈ ಸೋಮವಾರ ಬೆಳಿಗ್ಗೆ ಸರದಿ ಆರಂಭವಾಗಬೇಕಿತ್ತು. ಆಗಲಿಲ್ಲ. ಯಾರು ತೆರೆದರೂ 'ಸೇವೆ ಸದ್ಯಕ್ಕೆ ಲಭ್ಯವಿಲ್ಲ' ಎಂಬ ಒಂದೇ ಸಾಲು.

ಕಾರಣ ತಿಳಿದರೆ ನೀನು ನಗುತ್ತೀಯೆ. ಆಯುಧಪೂಜೆಯ ದಿನ ಒಕ್ಕಣೆ ಯಂತ್ರದ ಪಕ್ಕದಲ್ಲಿ ನಿನ್ನ ಎರಡು ಕಂಪ್ಯೂಟರುಗಳನ್ನೂ ತಂದಿಟ್ಟು, ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಬೂದುಗುಂಬಳ ಒಡೆದೆವು. ಒರೆಸುವಾಗ ನೀನು ಅಂಟಿಸಿದ್ದ ಚೀಟಿಯನ್ನು ಕೊಳೆಯೆಂದು ಯಾರೋ ಕಿತ್ತು ಹಾಕಿದರು. ಹಿಂದಿನ ಕಂಪ್ಯೂಟರನ್ನು ಮೊದಲು ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಮುಂದಿನದನ್ನು ಚಾಲೂ ಮಾಡಿ ಎಂದು ಅದರಲ್ಲಿ ಬರೆದಿದ್ದೆಯಂತೆ. ಸೋಮವಾರ ಕಾರ್ಯದರ್ಶಿ ಶಿವಶಂಕರ್ ಅವರು ಕರ್ಪೂರ ಹಚ್ಚಿ, ಸಹಜವಾಗಿಯೇ ಮುಂದಿನದರ ಗುಂಡಿಯನ್ನು ಮೊದಲು ಒತ್ತಿದರು. ಜನರ ಕೋರಿಕೆಯನ್ನು ಕಿಟಕಿಯಲ್ಲಿ ಕೂತವನಂತೆ ತೆಗೆದುಕೊಳ್ಳುವ ವೆಬ್ ಸರ್ವರ್ ಅದು. ಒಳಗೆ ಕೂತು ಸರದಿ ಹೊಂದಿಸುವ ಅಪ್ಲಿಕೇಶನ್ ಸರ್ವರ್ ಹಿಂದಿನದು. ಮೊದಲು ಎದ್ದವರಿಗೆ ಮೊದಲ ವಿಳಾಸ ಕೊಡುವುದು ಎರಡನ್ನೂ ಜೋಡಿಸುವ ನಮ್ಮ ರೌಟರಿನ ಪದ್ಧತಿ. ಹೀಗಾಗಿ ಹಿಂದಿನದರ ವಿಳಾಸ ಮುಂದಿನದಕ್ಕೇ ಸಿಕ್ಕಿತು. ಅದು ಒಳಗಿನವನನ್ನು ಕರೆಯುತ್ತೇನೆಂದು ತನ್ನ ಬಾಗಿಲನ್ನೇ ತಾನು ತಟ್ಟುತ್ತ ಕುಳಿತಿತು. ಸರದಿ ಕೇಳಲು ಬಂದಿದ್ದ ನಮ್ಮ ಚೌಡಯ್ಯ ಕಚೇರಿಯ ಮೆಟ್ಟಿಲ ಮೇಲೆ ನಿಂತು, "ಏನ್ ಮೇಷ್ಟ್ರೇ, ಪೂಜೆ ಮಾಡಿ ಮಾಡಿ ಮಿಸನ್ನಿನ ಪ್ರಾಣಾನೇ ತೆಗ್ದ್‌ಬುಟ್ರಲ್ಲ!" ಎಂದಾಗ ನಾನೂ ನಕ್ಕೆ.

ಇದನ್ನೆಲ್ಲ ಕಂಡುಹಿಡಿದವಳು ಪವಿತ್ರ. ನೀನು ಹೋದ ಮೇಲೆ ಆ ಯಂತ್ರಗಳನ್ನು ನೋಡಿಕೊಳ್ಳುತ್ತಿರುವ ಬಿಂಡಿಗನವಿಲೆಯ ಹುಡುಗಿ. ನಿನ್ನಂತೆಯೇ ನನ್ನ ಬಳಿ ಗಣಿತ ಕಲಿತವಳು. ತಪ್ಪು ಉತ್ತರವನ್ನು ಅಳಿಸಬೇಡಿ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಎಲ್ಲಿ ತಪ್ಪಿದಿರೆಂದು ನಾಳೆ ನಿಮಗೇ ಬೇಕಾಗುತ್ತದೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿನಗೆ ನೆನಪಿರಬಹುದು. ಅವಳು ಇಂದಿಗೂ ಹಾಗೆಯೇ ಮಾಡುತ್ತಾಳೆ. ಯಂತ್ರದಲ್ಲಿ ಏನನ್ನು ಬದಲಿಸಿದರೂ ಹಳೆಯದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಗೆರೆ ಎಳೆದು, ಹೊಸದನ್ನು ಪಕ್ಕದಲ್ಲಿ ಬರೆದಿಡುತ್ತಾಳೆ. ಮಂಗಳವಾರ ಎರಡನ್ನೂ ನಿಲ್ಲಿಸಿ ಸರಿಯಾದ ಕ್ರಮದಲ್ಲಿ ಚಾಲೂ ಮಾಡಿದಳು. ವಿಳಾಸಗಳು ಸ್ವಸ್ಥಾನಕ್ಕೆ ಬಂದವು. ಆದರೂ ಸಂಪರ್ಕವಾಗಲಿಲ್ಲ. ಪರಸ್ಪರ ಗುರುತಿಸಲು ನೀನು ಎರಡರಲ್ಲೂ ಇಟ್ಟಿದ್ದ ಗುಟ್ಟಿನ ಪದವು ಮುಂದಿನ ಯಂತ್ರದಲ್ಲಿ ಸೋಮವಾರ ಮಧ್ಯಾಹ್ನ ಬದಲಾಗಿದೆ. ಹಳೆಯ ಪದ ಎಲ್ಲಿಯೂ ಉಳಿದಿಲ್ಲ. ಹಿಂದಿನ ಯಂತ್ರವನ್ನು ತೆರೆದು ನೋಡೋಣವೆಂದರೆ ಅದರ ಬೀಗದ ಪದ ನಿನ್ನೊಬ್ಬಳಿಗೇ ಗೊತ್ತು. ನೀನು ಹೊರಡುವ ಗಡಿಬಿಡಿಯಲ್ಲಿ ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕಿದ್ದವನು ನಾನು. ನಾನಾದರೋ ನಿನ್ನ ಪೆಟ್ಟಿಗೆಗೆ ಹಗ್ಗ ಕಟ್ಟುವುದರಲ್ಲಿ ಮುಳುಗಿದ್ದೆ.

ಯಂತ್ರದ ದಾಖಲೆಯಲ್ಲಿ ಆ ಬದಲಾವಣೆ ಪವಿತ್ರಳ ಹೆಸರಿನಲ್ಲಿದೆ. ಬುಧವಾರ ಶಿವಶಂಕರ್ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಅವಳು ತನ್ನ ನೋಟ್‌ಬುಕ್ಕು ತೆರೆದು, "ಸಾ, ನಾನ್ ಮಾಡಿದ್ರೆ ಇದ್ರಲ್ಲಿ ಇರ್ಬೇಕಿತ್ತಲ್ವಾ ಸಾ" ಎಂದಷ್ಟೇ ಹೇಳಿದಳು. "ಮಿಸನ್ನು ಸುಳ್ಳೇಳ್ತದಾ ತಾಯಿ?" ಎಂದರು ಅವರು. ಬರುವ ಸೋಮವಾರ ಆಡಳಿತ ಮಂಡಳಿಯ ಸಭೆ. ಅವಳನ್ನು ಕೆಲಸದಿಂದ ಬಿಡಿಸುವ ವಿಷಯ ಮೊದಲನೆಯದು. ಅವಳ ಅಜ್ಜಿ ದ್ಯಾವಮ್ಮ ಮನೆಯಲ್ಲಿ ಹಟ ಹಿಡಿದು, "ಒಂದ್ ವರ್ಸ ಅವ್ಳು ಕೆಲ್ಸ ಮಾಡ್ಲಿ, ಆಮ್ಯಾಕೆ ಮದ್ವೆ ಮಾತೆತ್ರಲಾ" ಎಂದು ಪವಿತ್ರಳ ಅಪ್ಪನ ಬಾಯಿ ಕಟ್ಟಿದ್ದರು. ಆ ವರ್ಷದಲ್ಲಿ ಇನ್ನೂ ಐದು ತಿಂಗಳೂ ಕಳೆದಿಲ್ಲ.

ನಿನ್ನೆ ನಿಮ್ಮ ಶಿಬಿರದ ಕಚೇರಿಗೆ ಫೋನು ಮಾಡಿದೆ. ನನ್ನ ಮುರುಕು ಹಿಂದಿಯಲ್ಲಿ ವೆಬ್ ಸರ್ವರ್, ಅಪ್ಲಿಕೇಶನ್ ಸರ್ವರ್ ಎಂದು ಮೂರು ಬಾರಿ ವಿವರಿಸಿದೆ. ಮನೆಯಲ್ಲಿ ಸಾವೋ ಕಾಯಿಲೆಯೋ ಆಗಿದೆಯೇ ಎಂದು ಅವರು ಕೇಳಿದರು. ಇಲ್ಲವೆಂದೆ. ಹಾಗಾದರೆ ಕಾಗದ ಬರೆಯಿರಿ ಎಂದರು. ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರಲು ಒಂಬತ್ತು ದಿನ ಬೇಕು, ಉತ್ತರಕ್ಕೆ ಮತ್ತೆ ಒಂಬತ್ತು. ಸಭೆಗೆ ಉಳಿದಿರುವುದು ಮೂರು. ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವನಿಗೆ ಈ ಲೆಕ್ಕ ಗೊತ್ತಿಲ್ಲದೆ ಇಲ್ಲ. ಆದರೂ ಬೇರೇನು ಮಾಡಬೇಕೆಂದು ತೋಚದೆ ಕೇಳುತ್ತಿದ್ದೇನೆ: ಆ ಎರಡು ಪದಗಳನ್ನು ದಯವಿಟ್ಟು ಬೇಗ ಬರೆದು ಕಳುಹಿಸು. ಪವಿತ್ರ ಬಹಳ ಮುಂದೆ ಬರುವ ಹುಡುಗಿ. ನಿನ್ನ ಬಗ್ಗೆ ನನಗಿದ್ದ ಭರವಸೆಯೇ ಅವಳ ಬಗ್ಗೆಯೂ ಇದೆ.

ಬೆಳಗಿನ ಓಟದ ಮೊದಲು ಏನಾದರೂ ಬಿಸಿಯಾಗಿ ಕುಡಿ. ನಿನ್ನ ಜೊತೆಯ ಹುಡುಗಿಯರೆಲ್ಲರಿಗೂ ಈ ಮುದುಕನ ಹಾರೈಕೆ ತಿಳಿಸು. ದೊಡ್ಡಮ್ಮನ ಆಶೀರ್ವಾದ ಹುರಿಹಿಟ್ಟಿನ ಡಬ್ಬದೊಳಗಿದೆ.

ಸದಾ ನಿನ್ನ ಶ್ರೇಯಸ್ಸನ್ನು ಬಯಸುವ,
ನಿನ್ನ ದೊಡ್ಡಪ್ಪ
ಮರಿಯಯ್ಯ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಆ ಪದವನ್ನು ಬದಲಿಸಿದವನು ನಾನು, ಮಗಳೇ. ಸೋಮವಾರ ಪವಿತ್ರ ಊಟಕ್ಕೆ ಎದ್ದಾಗ ಪರದೆಯನ್ನು ಮುಚ್ಚದೆ, "ನೀವೇ ಒಸಿ ನೋಡ್ತಿರಿ ಸಾ, ನಿಮ್ಗಲ್ದೆ ಇನ್ಯಾರ್ಗೆ ಬುಡ್ಲಿ" ಎಂದು ಹೋದಳು. ಅರ್ಥವಿಲ್ಲದ ಆ ಅಕ್ಷರಗಳ ಸಾಲನ್ನು ಕಂಡು, ಎಲ್ಲ ಕೆಟ್ಟಿರುವುದು ಇದರಿಂದಲೇ ಎಂದುಕೊಂಡು, ಅವಳು ಬರುವುದರೊಳಗೆ ಸರಿಮಾಡಿ ಅಚ್ಚರಿಗೊಳಿಸೋಣವೆಂದು ಅಳಿಸಿ ಸಂಘದ ಹೆಸರನ್ನು ಬರೆದೆ. ಹಳೆಯದನ್ನು ಬರೆದಿಟ್ಟುಕೊಳ್ಳಲಿಲ್ಲ. ಬುಧವಾರ ಅವಳ ಹೆಸರು ಓದಿದಾಗ ನಾನು ಎದುರಿನ ಕುರ್ಚಿಯಲ್ಲೇ ಇದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ. ಮೇಲೆ 'ಬದಲಾಗಿದೆ' ಎಂದಿರುವಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ನಾನು ಬದಲಿಸಿದೆ' ಎಂದು ಬರೆದಿದ್ದೇನೆ, ನೋಡು. ಶಿವಶಂಕರ್ ಅವರಿಗೂ ಇದನ್ನೇ ಬರೆದುಕೊಡುತ್ತೇನೆ. ಅದಕ್ಕೆ ಮೊದಲು ಅವಳಿಗೆ ಹೇಳಬೇಕು. ಬಿಂಡಿಗನವಿಲೆ ಬಸ್ಸು ಹಾರನ್ ಹೊಡೆಯುತ್ತಿದೆ.