ಚೌಕಕ್ಕೆ ಸಿಗದ ಮೂಳೆ

ಮಾರ್ಚ್ ೩, ಸೋಮವಾರ

ಕಾಗದಪತ್ರದಲ್ಲಿ ಇನ್ನೂ ನನ್ನ ಗಂಡನಾಗಿರುವವರಿಗೆ,

ನಾನು ಕ್ಷೇಮ. ನೀವೂ ಕ್ಷೇಮವೇ, ಈ ಪತ್ರ ಓದಿ ಮುಗಿಸುವ ತನಕ.

ನಿಮ್ಮ ಕೃತಕ ಮೂಳೆಯನ್ನು ರೋಗಿಗಳಿಗೆ ಹಾಕಲು ಶುಕ್ರವಾರದ ಸಭೆಯಲ್ಲಿ ಸಮಿತಿಯವರು ಒಪ್ಪಿಗೆ ಕೊಡುತ್ತಾರಂತೆ. ಹೊಸ ಕೋಟು ಹೊಲಿಸಿದ್ದೀರಂತೆ. ಸ್ವಲ್ಪ ಸಡಿಲ ಹೊಲಿಸಬೇಕಿತ್ತು, ಬೆವರುತ್ತೀರಿ.

ನಿಮ್ಮ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಮೂಳೆ ಕೊಯ್ದವಳು ನಾನು. ಸಮರೂಪೀಕರಣ ಅಂದರೇನೆಂದು ಹೇಳಿಕೊಟ್ಟವರು ನೀವೇ: ಸೂಕ್ಷ್ಮದರ್ಶಕದಲ್ಲಿ ಒಂದು ಪುಟ್ಟ ಚೌಕ ನೋಡು, ಇಡೀ ಮೂಳೆ ಅದೇ ಚೌಕವನ್ನು ಸಾವಿರ ಸಲ ಜೋಡಿಸಿದ್ದು ಅಂದುಕೋ, ಆಮೇಲೆ ಒಳಗಿನ ತೂತುಗಳನ್ನೆಲ್ಲ ಮರೆತು ಗಟ್ಟಿತನಕ್ಕೆ ಒಂದೇ ಸಂಖ್ಯೆ ಕೊಡು. ಚೆಂದದ ಲೆಕ್ಕ. ಚೌಕದ ಮುಂದೆ ತೂತು ಸಾಸಿವೆಯಷ್ಟಿದ್ದರೆ ಮೋಸವೇ ಇಲ್ಲ.

ವಯಸ್ಸಾದವರ ಮೂಳೆಯಲ್ಲಿ ತೂತೇ ಚೌಕದಷ್ಟು ದೊಡ್ಡದು. ಗರಗಸ ತಾಗಿದರೆ ಅಂಚೆಲ್ಲ ಪುಡಿ. ತೋರಿಸಿದಾಗ, "ಅದು ಕಸ ಕಣೇ, ಬಿಸಾಕು. ಚೌಕವಾಗಿ ನಿಲ್ಲೋದನ್ನ ಮಾತ್ರ ಕೊಡು" ಅಂದಿರಿ. ನಾನು ಕೊಯ್ದದ್ದು ಆರುನೂರ ನಲವತ್ತು ತುಂಡು. ನಿಮ್ಮ ಪ್ರಬಂಧಕ್ಕೆ ಹೋದದ್ದು ನೂರ ಹನ್ನೆರಡು. ಗಟ್ಟಿಯಾದವನ್ನೇ ಆರಿಸಿ ಸರಾಸರಿ ತೆಗೆದರೆ ಎಲ್ಲರ ಮೂಳೆಯೂ ಉಕ್ಕೇ. ಆ ಸಂಖ್ಯೆ ನಂಬಿ ಮಾಡಿದ ನಿಮ್ಮ ಕೃತಕ ಮೂಳೆ ಎಷ್ಟು ಬಿರುಸೆಂದರೆ, ಅದನ್ನು ಕೂರಿಸಿದ ಕಡೆ ಸುತ್ತಲಿನ ಮುದಿ ಮೂಳೆ ಸೀಳಿಹೋಗುತ್ತದೆ.

ಆಮೇಲೆ ಒಂದು ದಿನ, ಇವರ್ಯಾರು ಎಂದು ಅತಿಥಿಯೊಬ್ಬರು ಕೇಳಿದಾಗ, "ಮೂಳೆ ಕೊಯ್ಯೋ ಹೆಂಗಸು" ಅಂದಿರಿ. ನನ್ನೆದುರಿಗೇ. ಅವತ್ತೇ ಮನೆ ಬಿಟ್ಟೆ. ಬಿಡುವಾಗ, ಬಿಸಾಕದೆ ಎತ್ತಿಟ್ಟಿದ್ದ ನಿಮ್ಮ ಕಸವನ್ನೂ ಪೆಟ್ಟಿಗೆಯಲ್ಲಿ ತಂದೆ: ಐನೂರ ಇಪ್ಪತ್ತೆಂಟು ತುಂಡು, ಒಂದೊಂದಕ್ಕೂ ದಿನಾಂಕದ ಚೀಟಿ.

ಕಳೆದ ವರ್ಷವೇ ಹೇಳಬಹುದಿತ್ತು, ಒಪ್ಪಿಕೊಳ್ಳುತ್ತೇನೆ. ಹೇಳಿದ್ದರೆ ಬಾಗಿಲು ಹಾಕಿಕೊಂಡು ಗುಟ್ಟಾಗಿ ತಿದ್ದಿ ಮತ್ತೆ ಮೆರೆಯುತ್ತಿದ್ದಿರಿ. ತುಂಬಿದ ಸಭೆಯಲ್ಲಿ, ನೀವು ಮಾತು ಶುರು ಮಾಡಿದ ಮೇಲೆ ಪೆಟ್ಟಿಗೆ ತೆರೆಯಬೇಕು, ನಿಮ್ಮ ಮುಖ ಹೇಗಾಗುತ್ತದೋ ನೋಡಬೇಕು ಅಂತಲೇ ಒಂದು ವರ್ಷ ಬಾಯಿಗೆ ಬೀಗ ಹಾಕಿ ಕೂತಿದ್ದೆ.

ನಿಮ್ಮ ಹಿತ ಬಯಸದ,
ಹೆಂಡತಿ

ತಾ.ಕ.: ಶುಕ್ರವಾರದವರೆಗೆ ಕಾಯಲು ಆಗಲಿಲ್ಲ. ನಿನ್ನೆ ಅತ್ತೆ ಫೋನ್ ಮಾಡಿ, "ಒಪ್ಪಿಗೆ ಸಿಕ್ಕಿದ ತಕ್ಷಣ ಮೊದಲನೇದು ನನ್ನ ಸೊಂಟಕ್ಕೇ ಹಾಕಿಸ್ತಾನಂತೆ ಕಣಮ್ಮಾ, ನನ್ನ ಮಗ" ಅಂತ ಹಿಗ್ಗಿದರು. ಇವತ್ತು ಬೆಳಿಗ್ಗೆಯೇ ಪೆಟ್ಟಿಗೆಯನ್ನು ಸಮಿತಿಯ ಮೇಜಿನ ಮೇಲಿಟ್ಟು ಬಂದೆ. ಸಭೆ ರದ್ದಾಗಿದೆ. ನಿಮ್ಮ ಮುಖ ನೋಡುವ ಭಾಗ್ಯ ತಪ್ಪಿತು. ಅದಕ್ಕಂತೂ ನಿಮ್ಮನ್ನು ಯಾವತ್ತೂ ಕ್ಷಮಿಸುವುದಿಲ್ಲ.